ನಾಲ್ಕು ಮನೆಯ ಚಿತ್ರಕಥೆ

 

ಈ ಸಲದ ಗೋಡೆ ಪತ್ರಿಕೆಯ ಕೆಳಗಿನ ಸಾಲನ್ನು ನೀವೆಲ್ಲ ನೋಡಿರಬಹುದು. ಅಲ್ಲಿ ೧೧ ಚಿತ್ರಕಥೆಗಳನ್ನು ಅಂಟಿಸಿದ್ದೇವೆ. ಅವನ್ನು ಬರೆದವರು ನಾಲ್ಕನೇ ಮತ್ತು ಐದನೇ ತರಗತಿಯ ಮಕ್ಕಳು. ಅವರ ಕಣ್ಣಿಗೆ ನಿಲುಕಲಿ ಅಂತಲೇ ಕೆಳಗೆ ಅಂಟಿಸಿದ್ದು. ಆದರೆ ಆರನೇ ತರಗತಿಯ ಹುಡುಗರೂ ಕುಕ್ಕರಗಾಲಲ್ಲಿ ಕೂತು ಅದನ್ನೇ ಓದುತ್ತಿದ್ದಾರೆ. ಮೇಲಿನ ಸಾಲಿನಲ್ಲಿರುವ ಈ ಲೇಖನವನ್ನು ಯಾರು ಓದುತ್ತಾರೋ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಅವರಿಗೆ ಚಿತ್ರಕಥೆ ಕಲಿಸಿದವಳು ನಾನು. ಮುಂದಿನ ವರ್ಷ ನಾನು ಹೈಸ್ಕೂಲಿಗೆ ಹೋಗಿಬಿಡುತ್ತೇನೆ. "ಹೇಗೆ ಕಲಿಸಿದೆ, ಎಲ್ಲಿ ತಪ್ಪಿದೆ, ಎರಡನ್ನೂ ಬರೆದಿಡು, ಆಮೇಲೆ ಬರುವವರಿಗೆ ಬೇಕಾಗುತ್ತೆ" ಅಂತ ನಮ್ಮ ಮೇಷ್ಟ್ರು ಹೇಳಿದ್ದಾರೆ.

ಇದು ಶುರುವಾದದ್ದು ಹೀಗೆ. ನಮ್ಮ ಗೋಡೆ ಪತ್ರಿಕೆಯ ಮುಂದೆ ಚಿಕ್ಕ ಮಕ್ಕಳು ನಿಲ್ಲುತ್ತಲೇ ಇರಲಿಲ್ಲ. ಗಾದೆ, ಒಗಟು, ಪರಿಸರದ ಪ್ರಬಂಧ ಎಲ್ಲ ಇತ್ತು. ಅವರು ಬಂದು ಅಂಚಿನಲ್ಲಿದ್ದ ನವಿಲನ್ನು ನೋಡಿ ಓಡಿಹೋಗುತ್ತಿದ್ದರು. ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು, "ಹಾಗಾದ್ರೆ ಅವರ ಹತ್ರಾನೇ ಚಿತ್ರಕಥೆ ಬರೆಸು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಗಂಟೆ ಜಗಲಿಯಲ್ಲಿ ಕೂರಿಸಿಕೋ" ಎಂದರು. ನನಗೆ ಚಿತ್ರ ಚೆನ್ನಾಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದ್ದರಿಂದ ಜಂಬದಿಂದಲೇ ಒಪ್ಪಿಕೊಂಡೆ.

ಮೊದಲನೇ ಶನಿವಾರ ೧೪ ಮಕ್ಕಳು ಬಂದರು. ನಾನು ಬೋರ್ಡಿನ ಮೇಲೆ ಛೋಟಾ ಭೀಮನನ್ನು ದೊಡ್ಡದಾಗಿ ಬರೆದು, "ಇದೇ ತರಹ ಬರೀರಿ" ಎಂದೆ. ಎಲ್ಲರೂ ಭೀಮನನ್ನೇ ಬರೆದರು. ಒಬ್ಬಳ ಭೀಮನಿಗೆ ಕೈ ಉದ್ದವಾಯಿತು ಎಂದು ಉಜ್ಜಿ ಉಜ್ಜಿ ಹಾಳೆಯೇ ಹರಿಯಿತು. ಇನ್ನೊಬ್ಬ, "ಅಕ್ಕಾ, ನಂಗೆ ಚಿತ್ರ ಬರಲ್ಲ" ಎಂದು ಪೆನ್ಸಿಲ್ ಕೆಳಗಿಟ್ಟು ಕೂತ. ಗಂಟೆ ಮುಗಿದಾಗ ಹದಿನಾಲ್ಕು ವಕ್ರ ಭೀಮರು ಇದ್ದರು, ಒಂದೂ ಕಥೆ ಇರಲಿಲ್ಲ. ಎರಡನೇ ಶನಿವಾರ ಬಂದವರು ಆರೇ ಜನ.

ಆಗ ನಾನು ಮನೆಯಲ್ಲಿ ಅಪ್ಪನ ಹಳೇ ಟ್ರಂಕು ತೆಗೆದು ನೋಡಿದೆ. ಅದರಲ್ಲಿ ಅಪ್ಪ ಹುಡುಗನಾಗಿದ್ದಾಗಿನ 'ಬಾಲಮಂಗಳ' ನಾಲ್ಕೈದು ಇವೆ. ಆ ಪತ್ರಿಕೆ ಈಗ ಬರುವುದಿಲ್ಲ, ಡಿಂಗನ ಕಥೆಯೂ ಇಲ್ಲ. ಅಪ್ಪ ಈಗಲೂ ಡಿಂಗನ ಹೆಸರು ಹೇಳಿದರೆ ನಗುತ್ತಾರೆ. ನಾನು ಒಂದು ಆಟ ಆಡಿದೆ. ಮಾತು ಬರೆದಿರುವ ಜಾಗವನ್ನೆಲ್ಲ ಬೆರಳಿನಿಂದ ಮುಚ್ಚಿಕೊಂಡು ಬರೀ ಚಿತ್ರ ನೋಡಿದೆ. ಮುಕ್ಕಾಲು ಕಥೆ ಗೊತ್ತಾಯಿತು. ಆಮೇಲೆ ಚಿತ್ರ ಮುಚ್ಚಿ ಬರೀ ಮಾತು ಓದಿದೆ. ಏನೂ ಗೊತ್ತಾಗಲಿಲ್ಲ. "ಅಯ್ಯೋ", "ಹಿಡಿ ಅವನನ್ನ", "ಹ್ಹ ಹ್ಹ ಹ್ಹ" ಅಷ್ಟೇ ಇತ್ತು. ಇದನ್ನು ನೀವೂ ಮಾಡಿ ನೋಡಿ. ಚಿತ್ರಕಥೆಯಲ್ಲಿ ಚಿತ್ರ ಅಂದವಾಗಿರಬೇಕಾದ್ದಿಲ್ಲ, ಓದಲು ಬರಬೇಕು. ಭೀಮನ ಕೈ ಉದ್ದ ಆದರೂ ಪರವಾಗಿಲ್ಲ, ಆ ಕೈ ಏನು ಮಾಡುತ್ತಿದೆ ಎಂದು ತಿಳಿದರೆ ಸಾಕು.

ಆದ್ದರಿಂದ ಮೂರನೇ ಶನಿವಾರ ನಾನು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಹಾಲು ಕುಡಿಯುವ ಲೋಟವನ್ನು ಹಾಳೆಯ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆಯಲು ಹೇಳಿದೆ. ಒಂದು ಹಾಳೆಯಲ್ಲಿ ಆರು ವೃತ್ತ. ಎಲ್ಲದಕ್ಕೂ ಎರಡೆರಡು ಚುಕ್ಕೆ ಕಣ್ಣು, ಒಂದು ಮೂಗು. ಅಲ್ಲಿಗೆ ಎಲ್ಲರದ್ದೂ ಒಂದೇ ತರಹ. ಆಮೇಲೆ ಹುಬ್ಬು ಮತ್ತು ಬಾಯಿ ಮಾತ್ರ ಬದಲಾಯಿಸುವುದು. ಹುಬ್ಬಿನ ಒಳತುದಿ ಮೂಗಿನ ಕಡೆಗೆ ಇಳಿದರೆ ಕೋಪ. ಒಳತುದಿ ಮೇಲೆ ಎದ್ದು ಹೊರತುದಿ ಇಳಿದರೆ ದುಃಖ. ಎರಡು ಹುಬ್ಬೂ ಕಣ್ಣಿನಿಂದ ದೂರ ಹಾರಿ, ಬಾಯಿ ಸೊನ್ನೆಯಾದರೆ ಆಶ್ಚರ್ಯ. ಇಷ್ಟನ್ನೇ ಹೇಳಿಕೊಟ್ಟೆ. ಉಳಿದದ್ದನ್ನು ಅವರೇ ಕಂಡುಹಿಡಿದರು. ಕೋಪದ ಹುಬ್ಬಿಗೆ ನಗುವ ಬಾಯಿ ಹಾಕಿದರೆ ಕಳ್ಳ ಆಗುತ್ತಾನೆ! ದುಃಖದ ಹುಬ್ಬಿಗೆ ನಗುವ ಬಾಯಿ ಹಾಕಿದರೆ "ಪರೀಕ್ಷೆಯಲ್ಲಿ ಫೇಲಾಗಿ ಅಮ್ಮನ ಹತ್ರ ಹೇಳೋಕೆ ಬಂದಿರೋನು" ಎಂದು ಒಬ್ಬಳು ಹೆಸರಿಟ್ಟಳು. ಚಿತ್ರ ಬರಲ್ಲ ಅಂದಿದ್ದವನು ಹದಿನೆಂಟು ಮುಖ ಬರೆದ.

ಇದನ್ನು ಮೇಷ್ಟ್ರಿಗೆ ತೋರಿಸಿದಾಗ ಅವರು ಒಂದು ವಿಷಯ ಹೇಳಿದರು. ಸ್ವಿಟ್ಜರ್ಲೆಂಡ್ ದೇಶದ ಜಿನೀವಾದಲ್ಲಿ ರೊಡಾಲ್ಫ್ ಟೊಪ್ಫರ್ (೧೭೯೯–೧೮೪೬) ಎಂಬ ಮೇಷ್ಟ್ರು ಇದ್ದರಂತೆ. ಅವರ ತಂದೆ ಚಿತ್ರಕಾರರು. ಮಗನಿಗೂ ಹಾಗೇ ಆಗುವ ಆಸೆ ಇತ್ತು, ಆದರೆ ಕಣ್ಣಿನ ದೋಷದಿಂದ ಆಗಲಿಲ್ಲ. ಅವರು ಶಾಲೆ ನಡೆಸಿದರು. ಬಿಡುವಾದಾಗ ತಮಾಷೆಯ ಮನುಷ್ಯರನ್ನು ಸಾಲಾಗಿ ಗೀಚಿ, ಪ್ರತಿ ಚಿತ್ರದ ಕೆಳಗೆ ಒಂದೆರಡು ಸಾಲು ಬರೆದು, ತಮ್ಮ ವಿದ್ಯಾರ್ಥಿಗಳಿಗೂ ಸ್ನೇಹಿತರಿಗೂ ತೋರಿಸುತ್ತಿದ್ದರು. ೧೮೩೦ರ ದಶಕದಲ್ಲಿ ಅವು ಪುಸ್ತಕವಾಗಿ ಅಚ್ಚಾದವು. ಇಂದಿನ ಕಾಮಿಕ್ಸಿಗೆ ದಾರಿ ಮಾಡಿದವರಲ್ಲಿ ಅವರ ಹೆಸರನ್ನು ಮೊದಲಿಗೆ ಹೇಳುತ್ತಾರೆ. ಅವರು ೧೮೪೫ರಲ್ಲಿ ಮುಖ ಬರೆಯುವ ಬಗ್ಗೆಯೇ ಒಂದು ಪುಸ್ತಕ ಬರೆದರು. ಮನುಷ್ಯನ ಮುಖವನ್ನು ಎಷ್ಟೇ ಅಡ್ಡಾದಿಡ್ಡಿ ಬರೆದರೂ ಅದರಲ್ಲಿ ಏನೋ ಒಂದು ಭಾವ ಇದ್ದೇ ಇರುತ್ತದೆ, ಗೀಚುತ್ತಾ ಹೋಗಿ ಬೇಕಾದ ಭಾವ ಹುಡುಕಿಕೊಳ್ಳಬಹುದು ಎಂಬುದು ಅದರ ವಿಚಾರ. ನಮ್ಮ ಲೋಟದ ಆಟವೂ ಅದೇ. ಕಾಮಿಕ್ಸ್ ಅನ್ನುವುದು ಶಾಲೆಯ ಮೇಷ್ಟ್ರಿಂದ ಬೆಳೆಯಿತು ಎಂದು ಕೇಳಿ ನನಗೆ ಬಹಳ ಸಂತೋಷವಾಯಿತು. ಇನ್ನು ಮೇಲೆ ನೋಟ್ಸಿನ ಅಂಚಿನಲ್ಲಿ ಗೀಚಿದರೆ ಬೈಯಬಾರದು ಎಂದು ಎಲ್ಲ ಗುರುಗಳಲ್ಲೂ ವಿನಂತಿ.

ಮೈ ಬರೆಯುವುದು ಸುಲಭ. ಕಡ್ಡಿ ಮನುಷ್ಯ ಸಾಕು. ಓಡುವವನಿಗೆ ಮೈಯನ್ನು ಮುಂದಕ್ಕೆ ಬಾಗಿಸಿ ಹಿಂದೆ ಮೂರು ಗೆರೆ ಎಳೆಯಿರಿ. ಅಮ್ಮನಿಗೆ ಸೆರಗು, ಅಜ್ಜನಿಗೆ ಕೋಲು, ಮೇಷ್ಟ್ರಿಗೆ ಕನ್ನಡಕ ಹಾಕಿದರೆ ಯಾರು ಎಂದು ತಿಳಿಯುತ್ತದೆ. ಮೊದಲ ಮನೆಯಲ್ಲಿ ಜಡೆ ಹಾಕಿದವಳಿಗೆ ಕೊನೇ ಮನೆಯಲ್ಲೂ ಜಡೆ ಇರಬೇಕು. ಇದನ್ನು ಮಕ್ಕಳು ತುಂಬಾ ಮರೆಯುತ್ತಾರೆ.

'ಮನೆ' ಅಂದರೆ ಏನು ಅಂತ ಹೇಳಲಿಲ್ಲ. ಚಿತ್ರಕಥೆಯ ಒಂದೊಂದು ಚೌಕಕ್ಕೆ ನಾವು ಮನೆ ಎಂದು ಕರೆಯುತ್ತೇವೆ, ಚೌಕಾಬಾರದಲ್ಲಿ ಕರೆಯುವ ಹಾಗೆ. ನಮ್ಮ ಚಿತ್ರಕಥೆಗೆ ನಾಲ್ಕೇ ಮನೆ. ಬಿಳೀ ಹಾಳೆಯನ್ನು ಒಂದು ಸಲ ಅಡ್ಡ, ಒಂದು ಸಲ ಉದ್ದ ಮಡಚಿದರೆ ತಾನಾಗಿ ನಾಲ್ಕು ಮನೆ ಬರುತ್ತದೆ. ಸ್ಕೇಲಿನಿಂದ ಅಳೆಯುವ ಗೊಡವೆಯೇ ಇಲ್ಲ. ಮಡಿಕೆಯ ಎರಡೂ ಕಡೆ ಒಂದು ಬೆರಳು ಬಿಟ್ಟು ಗೆರೆ ಎಳೆದರೆ ಮನೆಗಳ ನಡುವೆ ಓಣಿ ಆಗುತ್ತದೆ. ಈ ಓಣಿಯ ಬಗ್ಗೆ ಆಮೇಲೆ ಹೇಳುತ್ತೇನೆ.

ಜಪಾನಿನ ದಿನಪತ್ರಿಕೆಗಳಲ್ಲಿ ನಾಲ್ಕು ಮನೆಯ ಕಥೆ ಹಾಕುವ ವಾಡಿಕೆ ಇದೆ. ಮಾಚಿಕೊ ಹಾಸೆಗಾವಾ ಎಂಬ ಮಹಿಳೆ 'ಸಜಾಯೆ-ಸಾನ್' ಎಂಬ ಒಬ್ಬ ಗೃಹಿಣಿಯ ಸಂಸಾರದ ಕಥೆಯನ್ನು ೧೯೪೬ರಲ್ಲಿ ಶುರುಮಾಡಿ ೧೯೭೪ರವರೆಗೆ ಬರೆದರು. ಅಲ್ಲಿ ನಾಲ್ಕು ಮನೆಗಳು ಒಂದರ ಕೆಳಗೆ ಒಂದು ಬರುತ್ತವೆ. ಅವರ ನಾಲ್ಕು ಮನೆಗೆ ಒಂದು ಲೆಕ್ಕ ಹೇಳುತ್ತಾರೆ: ಕಿ, ಶೋ, ತೆನ್, ಕೆತ್ಸು. ಮೊದಲನೆಯದರಲ್ಲಿ ಶುರು, ಎರಡನೆಯದರಲ್ಲಿ ಮುಂದುವರಿಕೆ, ಮೂರನೆಯದರಲ್ಲಿ ತಿರುವು, ನಾಲ್ಕನೆಯದರಲ್ಲಿ ಮುಕ್ತಾಯ. ಚಿಕ್ಕವರಿಗೆ ಜಪಾನಿ ಹೆಸರು ಯಾಕೆ ಅಂತ ನಾನು "ಇತ್ತು, ಹೋಯ್ತು, ಬಂತು, ಆಯ್ತು" ಎಂದು ಹೇಳಿಕೊಟ್ಟೆ. ಅದು ಎಲ್ಲ ಕಥೆಗೂ ಸರಿಹೋಗುವುದಿಲ್ಲ. ಆದರೆ ನೆನಪಿನಲ್ಲಿ ನಿಲ್ಲುತ್ತದೆ.

ಐದನೇ ತರಗತಿಯ ಒಬ್ಬಳು ಮೇಕೆಯ ಕಥೆ ತಂದಳು. ಅವಳು ಜಗಲಿಯಲ್ಲಿ ಕೂತು ಹೋಂವರ್ಕ್ ಬರೆಯುತ್ತಿದ್ದಾಗ ಅಮ್ಮ ಕರೆದರು, ಎದ್ದು ಹೋದಳು, ಮೇಕೆ ಬಂದು ನೋಟ್ ಬುಕ್ ತಿಂದಿತು. ನಿಜವಾಗಿ ನಡೆದದ್ದು. ಅವಳು ಮೊದಲು ಬರೆದಾಗ ಮೂರು ಮನೆಯಲ್ಲಿ ಮೇಕೆ ತಿನ್ನುತ್ತಲೇ ಇತ್ತು. ಒಂದರಲ್ಲಿ ಬಾಯಿ ಹಾಕಿತು, ಒಂದರಲ್ಲಿ ಅಗಿಯಿತು, ಒಂದರಲ್ಲಿ ನುಂಗಿತು. ಶಾಲೆಗೆ ಬರುವಷ್ಟರಲ್ಲಿ ಮನೆ ಮುಗಿದುಹೋಯಿತು. ನಾವೆಲ್ಲ ಕೂತು ಹೀಗೆ ಬದಲಾಯಿಸಿದೆವು.

ಮೊದಲ ಮನೆ: ಜಗಲಿಯಲ್ಲಿ ಹುಡುಗಿ ಬರೆಯುತ್ತಿದ್ದಾಳೆ.
ಎರಡನೇ ಮನೆ: ಒಳಗಿನಿಂದ "ನೀರು ತಾರೇ" ಎಂಬ ಮಾತು. ಹುಡುಗಿ ಎದ್ದು ಹೋಗುತ್ತಿದ್ದಾಳೆ.
ಮೂರನೇ ಮನೆ: ಖಾಲಿ ಜಗಲಿ. ನೋಟ್ ಬುಕ್. ಅದನ್ನು ನೋಡುತ್ತಿರುವ ಮೇಕೆ.
ನಾಲ್ಕನೇ ಮನೆ: ತರಗತಿ. "ಹೋಂವರ್ಕ್ ಎಲ್ಲಿ?" "ಮೇಕೆ ಹೊಟ್ಟೇಲಿ ಸಾರ್."

ಒಬ್ಬ ಹುಡುಗ ಜಗಳಕ್ಕೇ ಬಂದ. "ಮೇಕೆ ತಿಂದಿದ್ದೇ ಬರೀಲಿಲ್ಲ!" ಅಂತ. ಪಕ್ಕದವಳು, "ತಿಂದಿದ್ದು ಗೊತ್ತಾಗುತ್ತಲ್ಲೋ" ಎಂದಳು. "ಎಲ್ಲಿ ಗೊತ್ತಾಗುತ್ತೆ, ತೋರಿಸು" ಅಂದ. ಅವಳು ಮೂರನೇ ಮನೆಗೂ ನಾಲ್ಕನೇ ಮನೆಗೂ ನಡುವಿನ ಓಣಿಯ ಮೇಲೆ ಬೆರಳಿಟ್ಟಳು. ಆವತ್ತು ನನಗೇ ಹೊಸದೊಂದು ತಿಳಿದ ಹಾಗಾಯಿತು. ಓಣಿಯಲ್ಲಿ ನಾವು ಏನೂ ಬರೆಯುವುದಿಲ್ಲ, ಓದುವವರು ಅಲ್ಲಿ ತಾವೇ ಬರೆದುಕೊಳ್ಳುತ್ತಾರೆ.

ನಮ್ಮೂರ ಈಶ್ವರನ ಗುಡಿ ಹಿಂದೆ ವೀರಗಲ್ಲು ಇದೆಯಲ್ಲ, ಅದೂ ಚಿತ್ರಕಥೆಯೇ. ಮರುದಿನ ಭಾನುವಾರ ನಾವು ಎಂಟು ಜನ ಹೋಗಿ ನೋಡಿದೆವು. ಅದಕ್ಕೆ ಮೂರು ಮನೆ. ಆದರೆ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಮನೆಯಲ್ಲಿ ವೀರ ಕತ್ತಿ ಹಿಡಿದು ಹೋರಾಡುತ್ತಿದ್ದಾನೆ. ನಡುವಿನ ಮನೆಯಲ್ಲಿ ಇಬ್ಬರು ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನ ಮನೆಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಅವನು ಸತ್ತ ಚಿತ್ರ ನಮ್ಮ ಕಲ್ಲಿನಲ್ಲಿ ಇಲ್ಲವೇ ಇಲ್ಲ. ಮೇಕೆಯ ಜಗಳ ಮಾಡಿದ್ದ ಹುಡುಗನೇ, "ಅಕ್ಕಾ, ಅವನು ಓಣೀಲಿ ಸತ್ತಿದಾನೆ" ಎಂದು ಮೊದಲನೆಯ ಮತ್ತು ಎರಡನೆಯ ಮನೆಯ ನಡುವಿನ ಪಟ್ಟಿಯನ್ನು ಮುಟ್ಟಿ ತೋರಿಸಿದ. ಎಷ್ಟೋ ನೂರು ವರ್ಷದ ಹಿಂದೆ ಆ ಕಲ್ಲು ಕಡೆದವರಿಗೂ ಈ ಉಪಾಯ ಗೊತ್ತಿತ್ತು ಎಂದಾಯಿತು.

ಯಾವ ಕಡೆಯಿಂದ ಓದಬೇಕು ಎಂಬುದನ್ನು ಚಿಕ್ಕವರಿಗೆ ಮೊದಲೇ ಹೇಳಿಬಿಡಿ. ನಾವು ಪ್ರವಾಸಕ್ಕೆ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿದ್ದು ನಿಮಗೆ ನೆನಪಿರಬಹುದು. ಅಮೃತೇಶ್ವರ ದೇವಾಲಯ, ೧೧೯೬ರದ್ದು, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲ. ಅಲ್ಲಿ ದಕ್ಷಿಣದ ಗೋಡೆಯಲ್ಲಿ ರಾಮಾಯಣವನ್ನು ೭೦ ಫಲಕಗಳಲ್ಲಿ ಕೆತ್ತಿದ್ದಾರೆ. ಹೊಯ್ಸಳರ ಗುಡಿಗಳಲ್ಲಿ ಕಥೆ ಸಾಮಾನ್ಯವಾಗಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತದೆ. ಇಲ್ಲಿಯ ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ! ಉತ್ತರದ ಗೋಡೆಯ ಕೃಷ್ಣನ ಕಥೆ ಮತ್ತು ಮಹಾಭಾರತ ಮಾತ್ರ ಮಾಮೂಲಿನಂತೆ. ಅಂದರೆ ಯಾವ ದಿಕ್ಕಾದರೂ ಆಗಬಹುದು, ಆದರೆ ನೋಡುವವರಿಗೆ ಗೊತ್ತಿರಬೇಕು. ನಮ್ಮದು ಕನ್ನಡ ಓದುವ ಹಾಗೆ, ಎಡದಿಂದ ಬಲ, ಆಮೇಲೆ ಕೆಳಗಿನ ಸಾಲು. ಅನುಮಾನ ಬೇಡವೆಂದು ನಾವು ಮನೆಯ ಮೂಲೆಯಲ್ಲಿ ಒಂದು, ಎರಡು ಎಂದು ಅಂಕಿಯನ್ನೂ ಹಾಕಿದ್ದೇವೆ.

ಇನ್ನು ಮಾತು. ಮಾತನ್ನು ಬಾಯಿಯ ಹತ್ತಿರ ಮೋಡದ ಹಾಗೆ ಗೆರೆ ಸುತ್ತಿ ಅದರೊಳಗೆ ಬರೆಯುತ್ತಾರೆ. ಎಲ್ಲರೂ ಮಾಡುವ ತಪ್ಪು ಏನೆಂದರೆ ಮೊದಲು ಮೋಡ ಬರೆದು ಆಮೇಲೆ ಮಾತು ತುರುಕುವುದು. ಆಗ ಕೊನೇ ಅಕ್ಷರ ಇರುವೆಯಷ್ಟು ಸಣ್ಣದಾಗುತ್ತದೆ. ಮೊದಲು ಮಾತು ಬರೆಯಿರಿ, ಆಮೇಲೆ ಸುತ್ತ ಗೆರೆ ಎಳೆಯಿರಿ. ಇಂಗ್ಲಿಷ್ ಕಾಮಿಕ್ಸಿಗಿಂತ ನಮಗೆ ಜಾಸ್ತಿ ಜಾಗ ಬೇಕು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು ಬರುತ್ತದೆ, ಕೆಳಗೆ ಒತ್ತು ಬರುತ್ತದೆ. "ಅಜ್ಜಿ ಬಿದ್ದಳು" ಎಂದು ಬರೆದು ಕೆಳಗೇ "ಎತ್ತಿಕೊಳ್ಳಿ" ಎಂದು ಬರೆದರೆ ಮೇಲಿನ ಒತ್ತು ಹೋಗಿ ಕೆಳಗಿನ ಗುಡಿಸಿಗೆ ಸಿಕ್ಕಿಕೊಳ್ಳುತ್ತದೆ. ಸಾಲಿನಿಂದ ಸಾಲಿಗೆ ಒಂದು ಬೆರಳು ಜಾಗ ಬಿಡಿ. ಮನೆಯ ಮೇಲಿನ ಮೂರನೇ ಒಂದು ಭಾಗವನ್ನು ಮಾತಿಗೆ ಅಂತಲೇ ಮೊದಲೇ ಬಿಟ್ಟಿಟ್ಟರೆ ಒಳ್ಳೆಯದು. ಯಾರು ಮೊದಲು ಮಾತಾಡುತ್ತಾರೋ ಅವರು ಎಡಗಡೆ ಇರಬೇಕು. ಇಲ್ಲದಿದ್ದರೆ ಉತ್ತರ ಮೊದಲು, ಪ್ರಶ್ನೆ ಆಮೇಲೆ ಆಗುತ್ತದೆ. ಒಂದು ಮನೆಗೆ ಎಂಟು ಹತ್ತು ಪದ ಸಾಕು. ಬರೆಯುವ ಮಾತು ಮನೆಯಲ್ಲಿ ಆಡುವ ಮಾತೇ ಇರಲಿ. ಒಬ್ಬ ಮೊದಲು "ತಾಯಿಯೇ, ನನಗೆ ಹಸಿವಾಗುತ್ತಿದೆ" ಎಂದು ಬರೆದಿದ್ದ. ಮನೇಲಿ ಹಾಗೇ ಹೇಳ್ತೀಯಾ ಅಂತ ಕೇಳಿದ್ದಕ್ಕೆ ನಾಚಿಕೊಂಡು "ಅಮ್ಮಾ, ಹೊಟ್ಟೆ ಹಸೀತೈತೆ" ಎಂದು ಮಾಡಿದ. ಎಷ್ಟು ಚೆನ್ನಾಯಿತು ನೋಡಿ.

ಶಬ್ದಗಳ ವಿಷಯದಲ್ಲಿ ಕನ್ನಡದವರು ಪುಣ್ಯವಂತರು. ವ್ಯಾಕರಣದಲ್ಲಿ ಬರುವ ಅನುಕರಣಾವ್ಯಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಳೆಗೆ ಧೋ, ತುಂತುರಿಗೆ ಪಿಟಿಪಿಟಿ, ಒಗ್ಗರಣೆಗೆ ಚುಂಯ್, ಕೊಡ ಬಿದ್ದರೆ ದಢಾರ್, ಹಾವು ಹೋದರೆ ಸರಸರ, ನೀರಿಗೆ ಕಲ್ಲು ಬಿದ್ದರೆ ಗುಳುಂ. ಮೋಡದ ಗೆರೆ ಇಲ್ಲದೆ ದಪ್ಪಕ್ಷರದಲ್ಲಿ, ಸ್ವಲ್ಪ ಓರೆಯಾಗಿ ಬರೆಯಬೇಕು. ನಾಲ್ಕನೇ ತರಗತಿಯವರು ಅರ್ಧ ಗಂಟೆಯಲ್ಲಿ ಇಂಥ ೩೭ ಶಬ್ದ ಹೇಳಿದರು. ವ್ಯಾಕರಣ ಎಂದು ಹೇಳಿದ್ದರೆ ಓಡಿಹೋಗುತ್ತಿದ್ದರು.

ಪೆನ್ಸಿಲಿನಲ್ಲಿ ಬರೆದು, ಕಪ್ಪು ಪೆನ್ನಿನಲ್ಲಿ ತಿದ್ದಿ, ಇಂಕು ಒಣಗಿದ ಮೇಲೆ ರಬ್ಬರಿನಿಂದ ಉಜ್ಜಬೇಕು. ಬಣ್ಣ ಹಾಕಲೇಬೇಕೆಂದಿಲ್ಲ.

ಮುಗಿದ ಮೇಲೆ ಒಂದು ಪರೀಕ್ಷೆ ಇದೆ. ಕಥೆ ಗೊತ್ತಿಲ್ಲದವರಿಗೆ ತೋರಿಸಿ, ನಾವು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ನಾನು ನಮ್ಮಜ್ಜಿಗೆ ತೋರಿಸುತ್ತೇನೆ. ಅಜ್ಜಿಗೆ ಓದು ಬರಹ ಬರುವುದಿಲ್ಲ. ಮೊದಲ ದಿನ ಅವರು ಮಾತಿನ ಮೋಡವನ್ನು ನೋಡಿ, "ಇದೇನೇ, ಎಲ್ಲಾರೂ ಬೀಡಿ ಸೇದ್ತಾ ಇದಾರೆ?" ಎಂದುಬಿಟ್ಟರು. ಮೋಡದ ಬಾಲವನ್ನು ಬಾಯಿಯ ಕಡೆಗೆ ಚೂಪಾಗಿ ಎಳೆಯಬೇಕು ಎಂದು ಅವತ್ತು ಕಲಿತೆವು. ಅಜ್ಜಿಗೆ ಅರ್ಥವಾಗದ ಮನೆಯನ್ನು ಮತ್ತೆ ಬರೆಯುವುದು ನಮ್ಮ ನಿಯಮ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಮೂರು ದಿನ ಹಿಂದೆಮುಂದೆ ನೋಡಿದೆ.

ನಾಲ್ಕನೇ ಶನಿವಾರ ಹೊಸ ಕಥೆ ಯಾರಿಗೂ ಹೊಳೆಯಲಿಲ್ಲ. "ಶಾಲೆಯಲ್ಲಿ ದಿನಾ ನೋಡೋದನ್ನೇ ಬರೀರಿ" ಎಂದೆ. ಒಬ್ಬಳು, "ದಿನಾ ಲೇಟಾಗಿ ಬರೋನ ಕಥೆ ಬರೆಯೋಣ" ಎಂದಳು. ಎಲ್ಲರೂ ಹೋ ಎಂದರು. ಯಾರು ಎಂದು ನಿಮಗೆಲ್ಲ ಗೊತ್ತು, ಹೆಸರು ಬರೆಯುವುದಿಲ್ಲ. ನಾಲ್ಕು ಮನೆಯಲ್ಲೂ ಅವನು ಗೇಟಿನಲ್ಲಿ ನಿಂತಿದ್ದ. ಸೋಮವಾರ, ಮಂಗಳವಾರ, ಬುಧವಾರ, ಕೊನೆಯಲ್ಲಿ ಭಾನುವಾರ ಖಾಲಿ ಶಾಲೆಯ ಮುಂದೆ "ಇವತ್ತು ಲೇಟಾಗಿಲ್ಲ ಸಾರ್!" ಎಂದು ನಿಂತಿದ್ದ. ತಮಾಷೆ ಚೆನ್ನಾಗಿಯೇ ಇತ್ತು. ಅವನ ಹಲ್ಲು ಸ್ವಲ್ಪ ಮುಂದಿದೆಯಲ್ಲ, ಅದನ್ನು ಮೂಲಂಗಿಯಷ್ಟು ದೊಡ್ಡದು ಮಾಡಿ ಬರೆದವಳು ನಾನೇ. ಮಕ್ಕಳು ಬರೆದದ್ದು ಚಿಕ್ಕದಾಗಿತ್ತು.

ಅಜ್ಜಿಗೂ ತೋರಿಸಿದೆ. ಅಜ್ಜಿ ನಾಲ್ಕೂ ಮನೆ ನೋಡಿ, "ಯಾಕಂತೆ ಹುಡುಗ ದಿನಾ ತಡ ಮಾಡೋದು?" ಎಂದು ಕೇಳಿದರು. "ಅದು ಕಥೇಲಿಲ್ಲ ಅಜ್ಜಿ" ಎಂದು ಹಾಳೆ ಕಿತ್ತುಕೊಂಡೆ. ನಿಯಮದ ಪ್ರಕಾರ ಅಜ್ಜಿಗೆ ಅರ್ಥವಾಗದ್ದನ್ನು ಮತ್ತೆ ಬರೆಯಬೇಕಿತ್ತು.

ಸೋಮವಾರ ಅಂಟಿಸಿದೆವು. ಎಲ್ಲರೂ ನಕ್ಕರು. ಅವನೂ ಬಂದು ನೋಡಿದ, ನಗಲಿಲ್ಲ. ಮಧ್ಯಾಹ್ನ ಊಟದ ಸಾಲಿನಲ್ಲಿ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ಮಂಗಳವಾರ, ಬುಧವಾರ ಶಾಲೆಗೇ ಬರಲಿಲ್ಲ. ನಾನು ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಮೇಷ್ಟ್ರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. "ಅವನ ಕಥೇನ ಅವನ ಹತ್ರ ಕೇಳಿದ್ರೇನಮ್ಮಾ?" ಎಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಅವರು ಶರದ್ ಶರ್ಮಾ ಎಂಬ ವ್ಯಂಗ್ಯಚಿತ್ರಕಾರರ ಬಗ್ಗೆ ಹೇಳಿದರು. ಅವರು 'ವರ್ಲ್ಡ್ ಕಾಮಿಕ್ಸ್ ಇಂಡಿಯಾ' ಎಂಬ ಸಂಸ್ಥೆ ಕಟ್ಟಿ, ಚಿತ್ರ ಕಲಿಯದ ಹಳ್ಳಿಯ ಜನರಿಗೇ ಚಿತ್ರಕಥೆ ಕಲಿಸುತ್ತಾ ಬಂದವರು. ಫಿನ್ಲೆಂಡ್ ದೇಶದ ಲೈಫ್ ಪಾಕಲೆನ್ ಎಂಬುವರ ಜೊತೆ ಸೇರಿ ೨೦೦೭ರಲ್ಲಿ ಇದರ ಬಗ್ಗೆ ಪುಸ್ತಕವನ್ನೂ ಬರೆದಿದ್ದಾರೆ. ಅವರದ್ದೂ ನಾಲ್ಕು ಮನೆಯ ಕಥೆಯೇ! ಎರಡು ಎ-ಫೋರ್ ಹಾಳೆ ಜೋಡಿಸಿ, ಕಪ್ಪು ಬಿಳುಪಿನಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಊರಿನ ಗೋಡೆಗಳಿಗೆ ಅಂಟಿಸುತ್ತಾರೆ. ಅಂಟಿಸುವ ಮೊದಲು ಆ ಊರಿನವರಿಗೇ ತೋರಿಸಿ ಅರ್ಥವಾಯಿತೇ ಎಂದು ಕೇಳುತ್ತಾರೆ. ಮುಖ್ಯವಾದದ್ದು, ಅಲ್ಲಿ ಕಷ್ಟ ಯಾರದ್ದೋ ಬರೆಯುವವರೂ ಅವರೇ. ಹೊರಗಿನ ಚಿತ್ರಕಾರರು ಬಂದು ಚೆನ್ನಾಗಿ ಬರೆದುಕೊಡುವುದಿಲ್ಲ.

ಗುರುವಾರ ಸಾಯಂಕಾಲ ನಾನು ಅವನ ಮನೆಗೆ ಹೋದೆ. ತಪ್ಪಾಯ್ತು ಕಣೋ ಅಂದೆ. ಅವನು ಏನೂ ಹೇಳಲಿಲ್ಲ. ಒಂದು ಖಾಲಿ ಹಾಳೆ ಮಡಚಿ ಕೊಟ್ಟೆ. "ನಂಗೆ ಬರಿಯಕ್ಕೆ ಸರಿಯಾಗಿ ಬರಲ್ಲ, ಮಾತು ನೀನೇ ಬರೀತೀಯಾ?" ಎಂದ. ಮಾತು ಬೇಡ, ಚಿತ್ರ ಮಾತ್ರ ಬರಿ ಎಂದೆ. ಶನಿವಾರ ಅವನು ತಂದದ್ದು ಇದು. ಕೆಳಗಿನ ಸಾಲಿನಲ್ಲಿ ಬಲತುದಿಯಲ್ಲಿದೆ.

ಮೊದಲ ಮನೆ ಪೂರ್ತಿ ಕಪ್ಪು, ಪೆನ್ಸಿಲಿನಿಂದ ಒತ್ತಿ ಒತ್ತಿ ಕಪ್ಪು ಮಾಡಿದ್ದಾನೆ. ಒಂದು ಪಿಕಪ್ ಗಾಡಿಯ ಎರಡು ದೀಪ, ಅದಕ್ಕೆ ಹತ್ತುತ್ತಿರುವ ಅಮ್ಮನ ಸೆರಗು. ಎರಡನೇ ಮನೆಯಲ್ಲಿ ಅವನ ಒಂದು ಕೈಯಲ್ಲಿ ಡೈರಿಯ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ತಂಗಿ. ಮೂರನೇ ಮನೆಯಲ್ಲಿ ಅಂಗನವಾಡಿಯ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದಾರೆ, ಬಾಗಿಲಿಗೆ ಬೀಗ, ದೂರದಿಂದ ಟಣ್ ಟಣ್ ಟಣ್. ನಾಲ್ಕನೇ ಮನೆಯಲ್ಲಿ ಶಾಲೆಯ ಗೇಟು, ಅವನ ಬೆನ್ನು ಮಾತ್ರ ಕಾಣುತ್ತದೆ, ಎದುರಿಗೆ ನಮ್ಮೆಲ್ಲರ ಮುಖಗಳು. ಹುಬ್ಬು ಮತ್ತು ಬಾಯಿ ಎಲ್ಲರದ್ದೂ ನಗುವವರದ್ದು. ಅದರಲ್ಲಿ ಜಡೆ ಹಾಕಿ ರಿಬ್ಬನ್ ಕಟ್ಟಿದವಳು ನಾನು.

ಅಂಗನವಾಡಿ ಅದರ ಸಮಯಕ್ಕೇ ತೆಗೆಯುತ್ತದೆ, ತಪ್ಪು ಅವರದ್ದಲ್ಲ. ಅದು ತೆಗೆಯುವ ಹೊತ್ತಿಗೇ ನಮ್ಮ ಬೆಲ್ಲೂ ಹೊಡೆಯುತ್ತದೆ. ಚಿಕ್ಕ ತಂಗಿಯನ್ನು ಬೀಗ ಹಾಕಿದ ಬಾಗಿಲಲ್ಲಿ ಬಿಟ್ಟು ಅವನು ಹೇಗೆ ಬರುತ್ತಾನೆ? ಇಷ್ಟು ದಿನ ನಾವು ನೋಡಿದ್ದು ಅವನ ನಾಲ್ಕನೇ ಮನೆಯನ್ನು ಮಾತ್ರ. ಅದನ್ನೇ ನಾಲ್ಕು ಸಲ ಬರೆದಿದ್ದೆವು.

ಮೇಷ್ಟ್ರು ಅದನ್ನು ನಿಂತುಕೊಂಡೇ ಬಹಳ ಹೊತ್ತು ನೋಡಿದರು. ಈಗ ಅವನು ತಂಗಿಯನ್ನು ನೇರ ಶಾಲೆಗೇ ಕರೆದುಕೊಂಡು ಬರುತ್ತಾನೆ. ಅವಳು ಸ್ವಲ್ಪ ಹೊತ್ತು ಅಡುಗೆಮನೆಯ ಜಗಲಿಯಲ್ಲಿ ಕೂರುತ್ತಾಳೆ. ಬಿಸಿಯೂಟದ ಅಕ್ಕ ಅವಳನ್ನು ಅಂಗನವಾಡಿಗೆ ಬಿಟ್ಟು ಬರುತ್ತಾರೆ. ಡೈರಿಯಲ್ಲಿ ಸಾಲು ಉದ್ದ ಇದ್ದ ದಿನ ಅವನು ಈಗಲೂ ತಡವಾಗಿಯೇ ಬರುತ್ತಾನೆ.

ಈ ಲೇಖನ ಬರೆಯುವ ಮೊದಲು ಅವನನ್ನು ಕೇಳಿದೆ. "ಬರಿ. ಹಲ್ಲು ಮಾತ್ರ ದೊಡ್ಡದು ಮಾಡ್ಬೇಡ" ಎಂದ. ಮೇಲೆ ಮೂಲಂಗಿ ಎಂದು ಬರೆದಿರುವುದನ್ನು ಓದಿ ತೋರಿಸಿದೆ, ಅದು ಇರಲಿ ಅಂತ ಅವನೇ ಹೇಳಿದ್ದಾನೆ.

ಈಗ ನಮ್ಮ ಗುಂಪಿನಲ್ಲಿ ಒಂದು ಹೊಸ ನಿಯಮ ಇದೆ. ಯಾರಾದರೂ ನಗೆಯ ಕಥೆ ಬರೆಯುವುದಾದರೆ ಮೊದಲನೆಯದು ತನ್ನ ಮೇಲೆಯೇ ಬರೆದುಕೊಳ್ಳಬೇಕು. ನಾನು ಹಾಲಿನ ಲೋಟಕ್ಕೆ ಮೂಗು ಹಾಕಿ ಕೆಮ್ಮಿ ಮೇಡಂ ಸೀರೆ ಮೇಲೆ ಚೆಲ್ಲಿದ್ದನ್ನು ಬರೆದಿದ್ದೇನೆ. ಎಡಗಡೆಯಿಂದ ಮೂರನೆಯದು.

ಮುಂದಿನ ಶನಿವಾರ ಬರುವವರು ಒಂದು ಬದಿ ಖಾಲಿ ಇರುವ ಹಾಳೆ, ಪೆನ್ಸಿಲ್, ಕಪ್ಪು ಪೆನ್ನು ತರಬೇಕು. ಲೋಟ ಶಾಲೆಯಲ್ಲೇ ಇದೆ. ಮೈದಾ ಅಂಟನ್ನು ನಾನು ಮಾಡಿ ತರುತ್ತೇನೆ. ಆರನೇ ತರಗತಿಯಿಂದ ಇಬ್ಬರು ಬೇಕು, ಕಲಿಸುವುದನ್ನು ಕಲಿಯಲಿಕ್ಕೆ. ಚಿತ್ರ ಚೆನ್ನಾಗಿ ಬರುವವರೇ ಆಗಬೇಕೆಂದಿಲ್ಲ. ಓದು ಬಾರದ ಅಜ್ಜಿ ಮನೆಯಲ್ಲಿ ಇದ್ದರೆ ಒಳ್ಳೆಯದು.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ